ಒಗೆಯುವ ಬಟ್ಟೆಯ ಕೆಳಗೆ

ನೀರು ಸೋಸುವ ಒಂದು ಯಂತ್ರಕ್ಕೆ ಬೀಳುವ ಖರ್ಚು ಇಲಾಖೆಯ ದೊಡ್ಡ ಅಧಿಕಾರಿ ಓಡಾಡುವ ಕಾರಿನ ಬೆಲೆಗಿಂತ ಸ್ವಲ್ಪ ಕಡಿಮೆ. ಅದನ್ನು ಕೂರಿಸುವ ಕಟ್ಟೆ, ಮೇಲಿನ ತಗಡು, ಬಾಗಿಲು, ಬೀಗ ಎಲ್ಲ ಸೇರಿಸಿದರೂ ಆ ಕಾರಿನ ನಾಲ್ಕು ಚಕ್ರದ ಬೆಲೆ ದಾಟುವುದಿಲ್ಲ. ಅದನ್ನು ನೋಡಿಕೊಳ್ಳುವ ಹೆಂಗಸಿನ ತಿಂಗಳ ಸಂಬಳ ಅದೇ ಕಾರು ಒಂದು ವಾರ ಕುಡಿಯುವ ಪೆಟ್ರೋಲಿಗೆ ಸಮ. ಆದರೆ ಆ ಯಂತ್ರದಿಂದ ಮಕ್ಕಳ ಭೇದಿ ನಿಲ್ಲುತ್ತದೆ ಎಂದು ತೋರಿಸಿಕೊಡುವ ಖರ್ಚು ಇದೆಯಲ್ಲ, ಮನೆಮನೆಗೆ ಹೋಗಿ ಕೇಳುವವರು, ಬಾಟಲಿಗಳು, ಪ್ರಯೋಗಾಲಯ, ಲೆಕ್ಕ ಹಾಕುವವನು, ವರದಿಯ ನುಣುಪು ಕಾಗದ, ಅದು ಹತ್ತು ಯಂತ್ರಗಳ ಬೆಲೆ. ಆ ದುಡ್ಡಿನಲ್ಲಿ ಹತ್ತು ಬೀದಿಗೆ ನೀರು ಕೊಟ್ಟುಬಿಡಬಹುದಿತ್ತು. ಹಾಗೆ ಕೊಡುವವರು ಯಾರೂ ಇರಲಿಲ್ಲ, ಪುರಾವೆ ಕೇಳುವವರು ಮಾತ್ರ ಇದ್ದರು.

ಆ ಪುರಾವೆಯ ಹಿಂದೆ ಓಡಿದವಳ ಖರ್ಚನ್ನು ಯಾವ ಬಜೆಟ್ಟಿನಲ್ಲೂ ಯಾರೂ ಬರೆಯಲಿಲ್ಲ. ಎರಡೂ ಮೊಣಕಾಲು ಹೋದವು. ತಾಯಿ ಹಾಸಿಗೆ ಹಿಡಿದಾಗ ನೋಡಿಕೊಂಡದ್ದು ಅಕ್ಕ. ಆ ಮಾತನ್ನು ಅಕ್ಕ ಇವತ್ತಿಗೂ ಎತ್ತಿಲ್ಲ, ಎತ್ತದೆ ಇರುವುದೇ ಹೆಚ್ಚು ಚುಚ್ಚುತ್ತದೆ. ಗಂಡ ಶಾಲೆಯ ಮೇಷ್ಟ್ರು. ಅಡುಗೆಮನೆ ಪೂರ್ತಿ ಅವನ ವಶಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. “ನಮ್ಮನೆಯವರು ಊರವರ ಹೊಟ್ಟೆ ವಿಚಾರಿಸ್ಕೋತಾರೆ, ನಮ್ಮ ಹೊಟ್ಟೆ ನಾನೇ ವಿಚಾರಿಸ್ಕೋತೀನಿ” ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಬೀದಿಯವರು ಅವಳನ್ನು ಡಾಕ್ಟರಮ್ಮ ಅನ್ನುತ್ತಿದ್ದರು. ಮೊದಮೊದಲು ಜ್ವರದ ಮಕ್ಕಳನ್ನು ಎತ್ತಿಕೊಂಡು ಬಂದು ಮುಂದೆ ಹಿಡಿಯುತ್ತಿದ್ದರು. “ನಾನು ಆ ಥರದ ಡಾಕ್ಟರಲ್ಲಮ್ಮ. ಕಾಯಿಲೆ ಯಾಕೆ ಬಂತು, ಎಷ್ಟು ಜನಕ್ಕೆ ಬಂತು ಅಂತ ನೋಡೋಳು” ಎಂದು ಅವಳು ವಿವರಿಸಿದರೆ, ಒಬ್ಬಳು ಕಣ್ಣರಳಿಸಿ, “ಓ, ಮಾತ್ರೆ ಕೊಡದ ಡಾಕ್ಟರಾ!” ಅಂದಳು. ಅಂದಿದ್ದು ಅಂಟಿಕೊಂಡಿತು. ಬೇಸರಪಟ್ಟುಕೊಳ್ಳುವ ಹಾಗೂ ಇರಲಿಲ್ಲ, ಅದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ.

ಊರಂಚಿನಲ್ಲಿ ಹಳೇ ಬಸ್ ಡಿಪೋದ ಹಿಂದೆ ಎರಡು ಬೀದಿ. ಮೇಲಿನದು ಇಳಿಜಾರಿನ ತಲೆಗೆ, ಕೆಳಗಿನದು ಕಾಲಿಗೆ. ಎರಡಕ್ಕೂ ಒಂದೇ ಪೈಪು. ಆ ಪೈಪು ಮೋರಿಯ ಮಗ್ಗುಲಲ್ಲೇ, ಕೆಲವು ಕಡೆ ಮೋರಿಯ ಒಳಗೇ ಹಾದು ಬರುತ್ತಿತ್ತು. ನಲ್ಲಿ ತಿರುಗಿಸಿದರೆ ಮೊದಲು ಉಸಿರು, ಆಮೇಲೆ ಕೆಂಚು ನೀರು, ಆಮೇಲೆ ತಿಳಿಯಾದಂತೆ ಕಾಣುವ, ತುಕ್ಕು ನಾರುವ ನೀರು. ಮಳೆಗಾಲ ಬಂತೆಂದರೆ ಮನೆಗೊಂದು ಮಗು ಮಲಗುತ್ತಿತ್ತು. ಕೆಲವು ಏಳುತ್ತಿರಲಿಲ್ಲ. ಡಾಕ್ಟರಮ್ಮ ಇದನ್ನು ಎಣಿಸಿದಳು, ಬರೆದಳು, ಇಲಾಖೆಗೆ ಒಯ್ದಳು. ಇಲಾಖೆಯವರು ಓದಿ, “ನೀರಿನಿಂದಲೇ ಅಂತ ಹೇಗೆ ಹೇಳ್ತೀರಿ? ಬಡತನದಿಂದ ಇರಬಹುದು, ಕೈ ತೊಳೆಯದೆ ಇರಬಹುದು. ಒಳ್ಳೇ ನೀರು ಕುಡಿದವರನ್ನೂ ಕುಡಿಯದವರನ್ನೂ ಪಕ್ಕಪಕ್ಕ ಇಟ್ಟು ತೋರಿಸಿ” ಎಂದರು. ಹೀಗೆ ಹೇಳುವ ಕುರ್ಚಿಯಲ್ಲಿ ಕೂತವರು ಬದಲಾಗುತ್ತಿದ್ದರು, ಮಾತು ಬದಲಾಗುತ್ತಿರಲಿಲ್ಲ.

ಕೊನೆಗೆ ತೋರಿಸಿಯೇಬಿಡೋಣ ಎಂದು ಟೊಂಕ ಕಟ್ಟಿದಳು. ಒಂದು ಬೀದಿಗೆ ಯಂತ್ರ, ಇನ್ನೊಂದಕ್ಕೆ ಇಲ್ಲ. ಎರಡು ವರ್ಷ ನೋಡುವುದು. ಯಂತ್ರವಿದ್ದ ಬೀದಿಯಲ್ಲಿ ಭೇದಿ ಕಡಿಮೆಯಾದರೆ ಇಂಥ ಎಲ್ಲ ಬೀದಿಗಳಿಗೂ ಯಂತ್ರ ಹಾಕಿಸುತ್ತೇವೆ ಎಂದು ಇಲಾಖೆ ಬರೆದುಕೊಟ್ಟಿತು. ಹೋಲಿಸುವ ಎರಡೂ ಕಡೆ ಎಲ್ಲ ಒಂದೇ ತೆರನಾಗಿರಬೇಕು. ಡಾಕ್ಟರಮ್ಮನ ತಂಡದ ಹುಡುಗಿಯರು ಎಲ್ಲವನ್ನೂ ಕೇಳಿದರು: ದುಡಿಯುವವರೆಷ್ಟು, ಮಕ್ಕಳೆಷ್ಟು, ಕಕ್ಕಸು ಇದೆಯೋ, ಕಿಟಕಿ ಎಷ್ಟು, ಗೋಡೆ ಯಾವುದರದು. ತಕ್ಕಡಿಯಲ್ಲಿಟ್ಟಂತೆ ಎರಡು ಬೀದಿಯೂ ಸಮ ಬಂದವು. ಮೇಲಿನವರಲ್ಲಿ ಯಾರು ಕೆಳಗಿನವರಿಗೆ ಏನಾಗಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ಹಾಗೊಂದು ಪ್ರಶ್ನೆ ಕೇಳುವ ಪದ್ಧತಿಯೇ ಅವರ ವಿದ್ಯೆಯಲ್ಲಿ ಇರಲಿಲ್ಲ.

ಯಾರಿಗೆ ಯಂತ್ರ ಎಂದು ಚೀಟಿ ಎತ್ತಿಸಿದರು. ಎತ್ತಿದವಳು ಕೆಳಬೀದಿಯ ಹೊಲಿಗೆ ಅಜ್ಜಿ. ಮೇಲಿನ ಬೀದಿಗೇ ಬಂತು. ಅಜ್ಜಿ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡು, “ಈ ಕೈ ಹೊಲಿದ ಅಂಗಿನೂ ಯಾವತ್ತೂ ನಂಗೆ ಆಗಿಬಂದಿಲ್ಲ, ಬೇರೆಯವರಿಗೇ ಸರಿ” ಎಂದಳು. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಡಾಕ್ಟರಮ್ಮ ಎರಡೂ ಬೀದಿಯವರನ್ನು ಕೂರಿಸಿಕೊಂಡು ಕೈ ಮುಗಿದು ಹೇಳಿದಳು.

“ಎರಡು ವರ್ಷ ಹಲ್ಲು ಕಚ್ಚಿಕೊಂಡಿರಿ. ಮೇಲಿನ ನೀರು ಒಂದು ತೊಟ್ಟೂ ಕೆಳಗೆ ಬರಬಾರದು. ಬಂದರೆ ಪರೀಕ್ಷೆ ಹಾಳಾಗುತ್ತೆ, ಯಂತ್ರ ಎತ್ಕೊಂಡು ಹೋಗ್ತಾರೆ. ಬರದೆ ಇದ್ದರೆ ಎಲ್ಲರಿಗೂ ಸಿಗುತ್ತೆ.”

ಅವರು ತಲೆಯಾಡಿಸಿದರು. ಮನೆಗೆ ದಿನಕ್ಕೆ ಎರಡು ಕ್ಯಾನು ಎಂದು ಗೊತ್ತಾಯಿತು. ಯಂತ್ರದ ಬೀಗದ ಕೈಯನ್ನು ಮೇಲಿನ ಬೀದಿಯವರು ಒಬ್ಬ ಚುರುಕು ಹೆಂಗಸಿನ ಕೈಗೆ ಕೊಟ್ಟರು.

ಇನ್ನೊಂದು ಕಟ್ಟುಪಾಡು ಡಾಕ್ಟರಮ್ಮ ತನ್ನ ತಂಡಕ್ಕೆ ತಾನೇ ಹಾಕಿಕೊಂಡದ್ದು, ಬಹಳ ಹಿಂದಿನದು. ಕೆಲಸಕ್ಕೆ ಹೋದ ಮನೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ಅವರಿಗೆ ಹೊರೆಯಾಗಬಾರದು, ನಮ್ಮ ಹೊಟ್ಟೆಯೂ ಕೆಡಬಾರದು. ಎಲ್ಲರ ಹೆಗಲಲ್ಲೂ ಮನೆಯಿಂದ ತಂದ ಬಾಟಲಿ ಇರುತ್ತಿತ್ತು.

ಮೊದಲ ಮಳೆಗಾಲ ಕಳೆಯಿತು. ಮೇಲಿನ ಬೀದಿಯಲ್ಲಿ ಭೇದಿ ಇಳಿಯಿತು. ಡಾಕ್ಟರಮ್ಮನಿಗೆ ಕುಣಿಯುವಷ್ಟು ಸಂತೋಷ. ಆಮೇಲೆ ಲೆಕ್ಕದವನು ಕೆಳಬೀದಿಯ ಹಾಳೆ ತಂದಿಟ್ಟ. ಅಲ್ಲೂ ಇಳಿದಿತ್ತು. ಹೆಚ್ಚುಕಡಿಮೆ ಅಷ್ಟೇ.

“ಕಾಕತಾಳೀಯ ಇರಬಹುದು, ಮೇಡಂ. ಇನ್ನೊಂದು ಮಳೆಗಾಲ ನೋಡೋಣ.”

ಎರಡನೆಯದೂ ಹಾಗೇ ಆಯಿತು. ಕೆಳಗೆ ಕಾಯಿಸಿ ಕುಡಿಯುತ್ತಾರೋ ಎಂದು ಹುಡುಗಿಯರನ್ನು ಕಳಿಸಿದಳು. ಇಲ್ಲ, ಎಂದಿನ ನಲ್ಲಿ ನೀರೇ ಎಂದು ಮನೆಮನೆಯಲ್ಲೂ ಒಂದೇ ಉತ್ತರ. ಲೆಕ್ಕದವನು ತಲೆ ಕೆರೆದುಕೊಂಡು, “ಒಂದೇ ಒಂದು ವಿಷಯ ಬದಲಾಗಿದೆ. ಬಟ್ಟೆ ಒಗೆಯೋದು ಜಾಸ್ತಿಯಾಗಿದೆ. ಮೇಲಿನ ಹೆಂಗಸರು ದಿನಾ ಟಬ್ಬು ತುಂಬ ಬಟ್ಟೆ ಹೊತ್ತುಕೊಂಡು ಕೆಳಗಿನ ಒಗೆಯೋ ಕಲ್ಲಿಗೆ ಬರ್ತಾರಂತೆ. ಹುಡುಗಿಯರು ಬರೆದಿದ್ದಾರೆ, ಸ್ವಚ್ಛತೆ ಸುಧಾರಿಸಿದೆ ಅಂತ” ಎಂದ. ಅದನ್ನೇ ವರದಿಗೂ ಸೇರಿಸಿದರು.

ಇಲಾಖೆಯ ಕೊನೆಯ ಸಭೆಗೆ ಕೆಲವೇ ದಿನ ಉಳಿದಿರುವಾಗ ಡಾಕ್ಟರಮ್ಮ ಮನಸ್ಸು ತಡೆಯದೆ ತಾನೇ ಕೆಳಬೀದಿಗೆ ಹೋದಳು. ಹೊಲಿಗೆ ಅಜ್ಜಿಯ ಮನೆ ಒಂದೇ ಕೋಣೆ. ಕಿಟಕಿಯ ಬೆಳಕಿಗೆ ಮೆಷೀನು, ಸುತ್ತ ಕತ್ತರಿಸಿ ಬಿಟ್ಟ ಚೂರುಬಟ್ಟೆಯ ರಾಶಿ, ಆ ರಾಶಿಯ ಮೇಲೆ ಮಗನ ಮಗು ಅಂಗಾತ ಮಲಗಿ ನಿದ್ದೆ ಹೊಡೆಯುತ್ತಿತ್ತು. ಕೆನ್ನೆ ಉಬ್ಬಿ ಹೊಳೆಯುತ್ತಿದ್ದವು. ಅಜ್ಜಿ ದಪ್ಪ ಹತ್ತಿಯ ಹೊದಿಕೆ ಹೊಲಿಯುತ್ತಿದ್ದಳು. ಗಾಳಿಯಲ್ಲೆಲ್ಲ ಎಳೆ.

ಡಾಕ್ಟರಮ್ಮನಿಗೆ ಗಂಟಲು ಹಿಡಿಯಿತು. ಕೆಮ್ಮು ಹತ್ತಿತು, ನಿಲ್ಲಲೊಲ್ಲದು. ಬಾಟಲಿ ತಿರುಗಿಸಿದರೆ ಖಾಲಿ. ಅಜ್ಜಿ ಎದ್ದು ಲೋಟದಲ್ಲಿ ನೀರು ತಂದು ಬಾಯಿಗೇ ಹಿಡಿದಳು. ಬೇಡ ಎನ್ನಲು ಉಸಿರಿರಲಿಲ್ಲ. ಕುಡಿದಳು.

ಕೆಮ್ಮು ನಿಂತಿತು. ಅವಳು ಲೋಟದೊಳಗೆ ನೋಡಿದಳು. ಇನ್ನೊಂದು ಗುಟುಕು ಕುಡಿದು ನಾಲಗೆಯ ಮೇಲೆ ಹಿಡಿದಳು. ತುಕ್ಕಿಲ್ಲ, ಉಪ್ಪಿಲ್ಲ, ಏನೂ ಇಲ್ಲ.

“ಅಜ್ಜಿ, ಈ ನೀರು ಎಲ್ಲಿಂದ ಬಂತು?”

“ಕೊಡದಿಂದ.”

“ಅಜ್ಜಿ...”

ಅಜ್ಜಿ ಸೂಜಿಗೆ ದಾರ ಪೋಣಿಸುವವಳಂತೆ ತಲೆ ಬಗ್ಗಿಸಿದಳು. ದಾರ ಆಗಲೇ ಪೋಣಿಸಿಯೇ ಇತ್ತು.

“ಇಷ್ಟು ವರ್ಷದಿಂದ ಬರ್ತೀರಿ. ಒಂದು ದಿನ ನಮ್ಮನೇಲಿ ಗುಟುಕು ನೀರು ಕುಡಿದೋರಲ್ಲ. ಇವತ್ತೇ ಕುಡೀಬೇಕಿತ್ತಾ?”

ಆಮೇಲೆ ಮುಚ್ಚುಮರೆ ಮಾಡಲಿಲ್ಲ. ಯಂತ್ರದ ಬೀಗದ ಕೈ ಇಟ್ಟುಕೊಂಡಿದ್ದ ಆ ಚುರುಕು ಹೆಂಗಸು ಅಜ್ಜಿಯ ಸ್ವಂತ ಮಗಳು. “ಮಗಳು ಮೇಲೆ ಕೂತು ಒಳ್ಳೇ ನೀರು ಕುಡಿದು, ಹೆತ್ತವಳು ಕೆಳಗೆ ಮೋರಿ ನೀರು ಕುಡೀಲಿ ಅಂತ ಬಿಡ್ತಾಳಾ? ಅವಳೊಬ್ಬಳೇ ಅಲ್ಲಮ್ಮ. ಎದುರುಮನೆಯವಳ ತಂಗಿ ಮೇಲಿದ್ದಾಳೆ. ಮೂಲೆಮನೆಯವನ ಭಾವ ಮೇಲೆ. ನಮ್ಮ ಹೆಣ್ಣುಗಳನ್ನ ಅಲ್ಲಿಗೆ ಕೊಟ್ಟಿದ್ದೀವಿ, ಅವರ ಹೆಣ್ಣುಗಳನ್ನ ಇಲ್ಲಿಗೆ ತಂದಿದ್ದೀವಿ. ಟಬ್ಬಿನಲ್ಲಿ ಕೆಳಗೆ ಕ್ಯಾನು, ಮೇಲೆ ಬಟ್ಟೆ. ಎರಡು ಕ್ಯಾನಲ್ಲಿ ಒಂದು ಅವರಿಗೆ, ಒಂದು ನಮಗೆ. ಪಾಪ, ಸಾಲದೆ ಬಂದಾಗ ಅವರೂ ನಲ್ಲಿ ನೀರು ಬೆರೆಸ್ಕೊಂಡೇ ಕುಡಿದಿದ್ದಾರೆ.”

ಡಾಕ್ಟರಮ್ಮನಿಗೆ ಹಾಳೆಗಳೆಲ್ಲ ಕಣ್ಣ ಮುಂದೆ ಬಂದವು. ಕೆಳಗೆ ಯಾಕೆ ಇಳಿಯಿತು, ಮೇಲೆ ಇನ್ನಷ್ಟು ಯಾಕೆ ಇಳಿಯಲಿಲ್ಲ, ಎರಡೂ ಒಂದೇ ಏಟಿಗೆ ತಿಳಿಯಿತು. ಅರ್ಧರ್ಧ ಹಂಚಿಕೊಂಡ ನೀರು ಅರ್ಧರ್ಧ ಗುಣ ಮಾಡಿತ್ತು.

“ಹುಡುಗೀರು ಬಂದು ಕೇಳಿದಾಗ ಸುಳ್ಳು ಯಾಕೆ ಹೇಳಿದ್ರಿ?”

“ನೀವೇ ಹೇಳಿದ್ರಲ್ಲ, ಗೊತ್ತಾದ್ರೆ ಎತ್ಕೊಂಡು ಹೋಗ್ತಾರೆ ಅಂತ. ನಿಮಗೂ ದೊಡ್ಡೋರ ಹತ್ರ ಕೆಟ್ಟ ಹೆಸರು ಬರಬಾರದಲ್ಲ. ನಿಮ್ಮನ್ನೂ ಸೇರಿಸ್ಕೊಂಡೇ ಹೇಳಿದ ಸುಳ್ಳು ಅದು.”

ಮಗು ನಿದ್ದೆಯಲ್ಲಿ ಹೊರಳಿತು. ಬೈಯಬೇಕೆಂದು ಬಾಯಿ ತೆರೆದವಳು ಅದರ ಕೆನ್ನೆ ನೋಡಿ ಬಾಯಿ ಮುಚ್ಚಿದಳು.

ಇಲಾಖೆಯ ಸಭೆಯ ಕೋಣೆ ತಣ್ಣಗಿತ್ತು. ಉದ್ದ ಮೇಜಿನ ಮೇಲೆ ಕುರ್ಚಿಗೊಂದರಂತೆ ಮುಚ್ಚಳ ಒಡೆಯದ ನೀರಿನ ಬಾಟಲಿ. ಕಾರ್ಯದರ್ಶಿಗಳು ಕೆಟ್ಟವರೇನಲ್ಲ. ವರದಿಯನ್ನು ನಿಜವಾಗಿ ಓದಿಕೊಂಡು ಬಂದಿದ್ದರು, ಅದೇ ಒಂದು ಅಪರೂಪ. ಡಾಕ್ಟರಮ್ಮ ಏನನ್ನೂ ಮುಚ್ಚಿಡದೆ ಹೇಳಿದಳು. ನೀರು ಕೆಲಸ ಮಾಡಿದೆ, ಎರಡೂ ಬೀದಿಯಲ್ಲಿ ಮಾಡಿದೆ, ಹಂಚಿಕೊಂಡದ್ದರಿಂದ ವ್ಯತ್ಯಾಸ ಕಾಣುತ್ತಿಲ್ಲ.

“ನೀವು ಹೇಳೋದನ್ನ ನಾನು ನಂಬ್ತೀನಿ” ಎಂದರು ಅವರು. “ಹಣಕಾಸಿನವರು ನಂಬಲ್ಲ. ಎರಡು ಬೀದಿಗೂ ವ್ಯತ್ಯಾಸ ಇಲ್ಲ ಅಂದ್ರೆ ಯಂತ್ರದಿಂದ ಪ್ರಯೋಜನ ಇಲ್ಲ ಅಂತಲೇ ಓದ್ಕೋತಾರೆ. ಎರಡೂ ಕಡೆ ಇಳಿದಿರೋದು ನಮ್ಮ ಕೈತೊಳೆಯೋ ಪೋಸ್ಟರಿನಿಂದ ಅಂತ ಪ್ರಚಾರ ವಿಭಾಗದವರು ಆಗಲೇ ಪತ್ರ ಬರೆದಿದ್ದಾರೆ.”

ಯಾರೋ ಸಣ್ಣಗೆ ನಕ್ಕರು. ಕಾರ್ಯದರ್ಶಿಗಳು ನಗಲಿಲ್ಲ.

“ಒಂದು ಮಳೆಗಾಲ ಕೊಡ್ತೀನಿ. ಬೀಗ ಭದ್ರ ಮಾಡಿ. ಮೇಲಿನ ನೀರು ಮೇಲೆ, ಕೆಳಗಿನ ನೀರು ಕೆಳಗೆ. ವ್ಯತ್ಯಾಸ ತಂದು ಇಲ್ಲಿಡಿ, ಅದೇ ದಿನ ಸಹಿ ಹಾಕ್ತೀನಿ. ಎಲ್ಲಾ ಬೀದಿಗೂ.”

ಹೊರಗಿನ ಓಣಿಯಲ್ಲಿ ಲೆಕ್ಕದವನು ಗೋಡೆಗೆ ಹಾಳೆ ಒತ್ತಿ ಹಿಡಿದು ಅಲ್ಲೇ ಲೆಕ್ಕ ಹಾಕಿದ. ಮುಖ ಅರಳಿತು. “ಮೇಡಂ, ಜಾಸ್ತಿ ಬೇಡ. ಕೆಳಗೆ ಇಷ್ಟು ಮಕ್ಕಳಿಗೆ ಬಂದರೆ ಸಾಕು, ವ್ಯತ್ಯಾಸ ಎದ್ದು ಕಾಣುತ್ತೆ.” ಸಂಖ್ಯೆ ಹೇಳಿದ. ಚಿಕ್ಕ ಸಂಖ್ಯೆ. ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವನಿಗೇ ಕೇಳಿಸಿರಬೇಕು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದ.

ಮನೆಯಲ್ಲಿ ಗಂಡ ಪಾತ್ರೆ ತೊಳೆಯುತ್ತಿದ್ದ. ಅವಳು ಬಾಗಿಲಿಗೆ ಒರಗಿ ಎಲ್ಲ ಹೇಳಿದಳು.

“ಒಂದೇ ಮಳೆಗಾಲ. ಅದಾದಮೇಲೆ ನೂರಾರು ಬೀದಿಗೆ ನೀರು. ಮಲಗುವ ಮಕ್ಕಳಿಗಿಂತ ಉಳಿಯೋ ಮಕ್ಕಳು ಎಷ್ಟೋ ಪಾಲು ಜಾಸ್ತಿ. ಲೆಕ್ಕ ತಪ್ಪಿದೆಯಾ, ಹೇಳಿ.”

ಅವನು ತುಂಬ ಹೊತ್ತು ಒಂದೇ ತಟ್ಟೆ ತೊಳೆದ. “ಲೆಕ್ಕ ಸರಿಯಾಗೇ ಇದೆ ಕಣೇ” ಎಂದ. “ಅದಕ್ಕೇ ಭಯ.”

ಮರುದಿನ ಅವಳು ಮೇಲಿನ ಬೀದಿಗೆ ಹೋದದ್ದು ಕೆಳಗೆ ಹೋಗುವ ನೀರಿಗೆ ಬೀಗ ಹಾಕಿಸಲಿಕ್ಕೇ. ಇದರಲ್ಲಿ ಅನುಮಾನ ಬೇಡ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದಳು.

ಅಜ್ಜಿಯ ಮಗಳು ಯಂತ್ರದ ನಲ್ಲಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದಳು. ಹಿತ್ತಾಳೆ ಹೊಸದರಂತೆ ಬೆಳಗುತ್ತಿತ್ತು. “ಬನ್ನಿ ಡಾಕ್ಟರಮ್ಮ. ನಮ್ಮಮ್ಮ ಎಲ್ಲಾ ಒದರಿಬಿಟ್ಟಳಂತೆ! ಅವಳ ಹೊಟ್ಟೇಲಿ ನೀರು ನಿಲ್ಲುತ್ತೆ, ಮಾತು ನಿಲ್ಲಲ್ಲ. ನಮ್ಮತ್ತೆ ಅಂತೂ ಬೆಳಗಿಂದ ಅದನ್ನೇ ಆಡ್ಕೋತಿದ್ದಾರೆ, ನಿನ್ನ ತವರಿನವರಿಂದ ಯಂತ್ರ ಹೋಯ್ತು ಅಂತ.” ನಗುತ್ತಲೇ ಅವಳ ಮುಖ ನೋಡಿ ನಗು ನಿಲ್ಲಿಸಿದಳು. “ಹೋಯ್ತಾ?”

“ಇನ್ನೂ ಇಲ್ಲ” ಎಂದಳು ಡಾಕ್ಟರಮ್ಮ. ಕಟ್ಟೆಯ ಮೇಲೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಒಂದು ಮಳೆಗಾಲ ಕೆಳಗೆ ತೊಟ್ಟು ನೀರೂ ಹೋಗಬಾರದು. ಆಮೇಲೆ ಎರಡೂ ಬೀದಿಗೆ, ಇಂಥ ಎಲ್ಲ ಬೀದಿಗೆ.

ಮಗಳು ಬಟ್ಟೆಯನ್ನು ಹಿಂಡಿ, ಕೊಡವಿ, ಗೂಟಕ್ಕೆ ಹಾಕಿದಳು.

“ಅಂದರೆ ಕೆಳಗಿನ ಮಕ್ಕಳು ಕಾಯಿಲೆ ಬೀಳಬೇಕು.”

“ಬೀಳಬೇಕು ಅಂತ ಅಲ್ಲ...”

“ಬೀಳದೆ ಇದ್ರೆ ವ್ಯತ್ಯಾಸ ಎಲ್ಲಿಂದ ಬರುತ್ತೆ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಕೇಳುವಂತೆ ಕೇಳಿದಳು. “ಎಷ್ಟು ಮಕ್ಕಳು ಮಲಗಿದ್ರೆ ಸಾಕಂತೆ ಅವರಿಗೆ?”

ಡಾಕ್ಟರಮ್ಮನಿಗೆ ಆ ಸಂಖ್ಯೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಏನಾದರೂ ಹೇಳಬಹುದಿತ್ತು.

ಮಗಳು ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟಳು. “ನನ್ನ ಕೈಲಿ ಆಗಲ್ಲ. ನನ್ನ ತಮ್ಮನ ಕೂಸು ಕೆಳಗಿದೆ. ನೀವೇ ಇಟ್ಕೊಳ್ಳಿ. ನೀವು ಬೀಗ ಹಾಕಿದ್ರೆ ನಾನು ಅಡ್ಡ ಬರಲ್ಲ, ಬೇರೆಯವರಿಗೂ ಬರೋದಕ್ಕೆ ಬಿಡಲ್ಲ. ನೀವು ನಮ್ಮ ಕೆಟ್ಟದಕ್ಕೆ ಹೇಳೋರಲ್ಲ ಅಂತ ಗೊತ್ತು.”

ಆ ಕೊನೆಯ ಮಾತೊಂದನ್ನು ಆಡದಿದ್ದರೆ ಡಾಕ್ಟರಮ್ಮ ಬೀಗ ಹಾಕುತ್ತಿದ್ದಳೇನೋ. ಬೀಗದ ಕೈ ಬೆಚ್ಚಗಿತ್ತು. ಮೂವತ್ತು ವರ್ಷದ ಓಡಾಟವೆಲ್ಲ ಅಷ್ಟು ಚಿಕ್ಕದಾಗಿ ಅಂಗೈಯಲ್ಲಿ ಕೂತಿತ್ತು. ಅಷ್ಟರಲ್ಲಿ ಒಬ್ಬಳು ತಲೆಯ ಮೇಲೆ ಟಬ್ಬು ಹೊತ್ತು ಇಳಿಜಾರಿಗೆ ಬಂದವಳು ಇವರನ್ನು ಕಂಡು ನಿಂತಲ್ಲೇ ನಿಂತಳು. ಟಬ್ಬಿನ ಅಂಚಿನಲ್ಲಿ ಒಂದು ಅಂಗಿಯ ತೋಳು ಜೋತಾಡುತ್ತಿತ್ತು. ಒಗೆದು ಒಣಗಿಸಿ ಮಡಚಿದ್ದ ಅಂಗಿ. ಅದನ್ನೇ ಮತ್ತೆ ಮತ್ತೆ ಹೊತ್ತು ತಂದು ಹಳೆಯದಾಗಿತ್ತು.

ಡಾಕ್ಟರಮ್ಮ ಕಟ್ಟೆಯಿಂದ ಎದ್ದಳು. ಬೀಗದ ಕೈಯನ್ನು ನಲ್ಲಿಯ ಪಕ್ಕದಲ್ಲಿಟ್ಟಳು. ಓಣಿ ಕಿರಿದು, ಗೋಡೆಗೆ ಒತ್ತಿಕೊಂಡು ಟಬ್ಬಿನವಳಿಗೆ ದಾರಿ ಬಿಟ್ಟಳು.

ವ್ಯತ್ಯಾಸ ತರಲಾಗುವುದಿಲ್ಲ ಎಂದು ಅವಳು ಇಲಾಖೆಗೆ ಎರಡು ಸಾಲು ಬರೆದಳು. ಕಾರ್ಯದರ್ಶಿಗಳು ಫೋನ್ ಮಾಡಿ, “ನೀವು ಹೀಗೆ ಕೈಚೆಲ್ಲುತ್ತೀರಿ ಅಂದ್ಕೊಂಡಿರಲಿಲ್ಲ” ಎಂದರು. ನಿಜಕ್ಕೂ ನೊಂದುಕೊಂಡಿದ್ದರು. ಪರೀಕ್ಷೆ ಮುಗಿದ ಮೇಲೆ ಯಂತ್ರ ವಾಪಸು ಕೊಡಬೇಕೆಂಬ ಕರಾರಿತ್ತು. ಮಳೆಗಾಲ ಶುರುವಾಗುವ ಮೊದಲು ಲಾರಿ ಬಂದು ಎತ್ತಿಕೊಂಡು ಹೋಯಿತು. ಕಟ್ಟೆ ಉಳಿಯಿತು, ತಗಡೂ ಉಳಿಯಿತು. ಈಗ ಅದರ ಕೆಳಗೆ ಯಾರೋ ಸೈಕಲ್ ರಿಪೇರಿ ಮಾಡುತ್ತಾರೆ.

ಆ ಮಳೆಗಾಲ ಎರಡೂ ಬೀದಿಯ ಮಕ್ಕಳು ಮಲಗಿದರು. ಲೆಕ್ಕದವನು ಹೇಳಿದ್ದ ಚಿಕ್ಕ ಸಂಖ್ಯೆ ಮೊದಲ ತಿಂಗಳಲ್ಲೇ ದಾಟಿತ್ತೆಂದು ಅಜ್ಜಿಯ ಮಾತಿನಿಂದ ಡಾಕ್ಟರಮ್ಮನಿಗೆ ಗೊತ್ತಾಯಿತು. ಕಾಗದದ ಮೇಲೆ ಎಲ್ಲೂ ಇಲ್ಲ, ಎಣಿಸುವವರಿಗೆ ಸಂಬಳ ನಿಂತುಹೋಗಿತ್ತು. ಅಜ್ಜಿಯ ಮೊಮ್ಮಗು ಹಾಸಿಗೆ ಹಿಡಿದು ಕಷ್ಟದಲ್ಲಿ ಎದ್ದಿತು. ಟಬ್ಬಿನವಳ ಕಿರಿಯ ಮಗಳು ಏಳಲಿಲ್ಲ. ಅದು ಮೇಲಿನ ಬೀದಿಯ ಮಗು.

“ಅವತ್ತೇ ಬೀಗ ಹಾಕಿದ್ದರೆ?” ಎಂದು ಡಾಕ್ಟರಮ್ಮ ಗಂಡನನ್ನು ಕೇಳಿದಳು. ಅವನು ಎದ್ದು ಅವಳ ಮುಂದೆ ತಟ್ಟೆ ಇಟ್ಟು ಬಡಿಸಿದ. ತಮಾಷೆ ಮಾಡಲಿಲ್ಲ.

ಪರೀಕ್ಷೆ ಹೇಗೆ ಕೆಟ್ಟಿತು ಎಂಬುದನ್ನು ಅವಳು ಪ್ರಾಮಾಣಿಕವಾಗಿ ಬರೆದು ಪ್ರಕಟಿಸಿದಳು. ಅವಳ ಬದುಕಿನಲ್ಲಿ ಅಷ್ಟು ಜನ ಓದಿದ ಬರಹ ಇನ್ನೊಂದಿಲ್ಲ. ದೊಡ್ಡ ದೊಡ್ಡ ಸಂಸ್ಥೆಗಳಿಂದ ಕರೆ ಬಂತು, ಆಮೇಲೆ ಇಲಾಖೆಯಲ್ಲೇ ಸಲಹೆಗಾರಳ ಕುರ್ಚಿಯೂ ಬಂತು. ಅವಳ ಬರಹದಿಂದ ಬೇರೆಯವರು ಒಂದು ನಿಯಮ ಮಾಡಿಕೊಂಡಿದ್ದಾರೆ, ಈಗ ಎಲ್ಲೆಡೆ ಅದನ್ನೇ ಪಾಲಿಸುತ್ತಾರೆ: ಹೋಲಿಸುವ ಎರಡು ಬೀದಿಗಳನ್ನು ದೂರದೂರ ಆರಿಸಬೇಕು, ಒಂದರ ಹೆಣ್ಣನ್ನು ಇನ್ನೊಂದಕ್ಕೆ ಕೊಟ್ಟಿರಬಾರದು. ಆ ನಿಯಮಕ್ಕೆ ಅವಳ ಹೆಸರೇ ಇದೆ.

ಈಗಲೂ ಅವಳು ಹೊಲಿಗೆ ಅಜ್ಜಿಯ ಮನೆಗೆ ಹೋಗುತ್ತಾಳೆ, ಬಾಟಲಿ ಒಯ್ಯುವುದಿಲ್ಲ. ಅಜ್ಜಿ ಲೋಟ ಕೊಡುತ್ತಾಳೆ, ತುಕ್ಕು ನಾರುವ ನೀರನ್ನು ಅವಳು ಪೂರ್ತಿ ಕುಡಿಯುತ್ತಾಳೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ, ಅವಳ ಹೊಟ್ಟೆ ಕೆಡುತ್ತದೆ, ಅಷ್ಟೆ. ಮೂವತ್ತು ವರ್ಷದ ಆ ಓಡಾಟದಿಂದ ಅವಳಿಗೆ ಸಿಕ್ಕಿದ್ದು ಒಂದು ಹೆಸರು, ಒಂದು ಕುರ್ಚಿ. ಎರಡು ಬೀದಿಯವರು ಕಳೆದುಕೊಂಡದ್ದು ಎರಡು ವರ್ಷ ಹಂಚಿಕೊಂಡು ಕುಡಿದ ನೀರು, ಮತ್ತು ಒಂದು ಮಗು. ಉಳಿದ ಬೀದಿಗಳಿಗೆ ಆ ನೀರು ಸಿಕ್ಕೂ ಇರಲಿಲ್ಲ, ಕಳೆದುಹೋದದ್ದು ತಿಳಿಯಲೂ ಇಲ್ಲ.